ದ್ವೀಪದಿಂದ ತಂದ ಮಣ್ಣು

ನವೆಂಬರ್ 9, ಭಾನುವಾರ. ಆದವಾನಿ

ಬಟ್ಟೆ ಮಡಚಿದ್ದಾಯಿತು. ಅವ್ವ ರೊಟ್ಟಿ ಗಂಟು ಮತ್ತೆ ಬಿಚ್ಚಿ ಮತ್ತೆ ಕಟ್ಟಿದಳು. ದ್ವೀಪಕ್ಕೆ ಹೋಗುವುದು ನಾನು, ಮಗಳು ಹರ್ಷಿತಾ. ಅವ್ವನ ಮೊಣಕಾಲು ಹೊಸ್ತಿಲನ್ನೇ ದಾಟುವುದಿಲ್ಲ. ಯಜಮಾನರಿಗೆ ಹತ್ತಿ ಸೀಜನ್ — ಮಾತೇ ಇಲ್ಲ.

ಅವ್ವ ಕೈಗೂಸಾಗಿದ್ದಾಗ ಅವಳಪ್ಪ ಮರಿಬಸಪ್ಪ ದಂಡಿಗೆ ಸೇರಿದ. ಎರಡನೇ ಮಹಾಯುದ್ಧ. ಪಡುವಣ ಕಡಲಿನ ಆ ದ್ವೀಪದಲ್ಲಿ ಫಿರಂಗಿ ತೋಪು ಕಾಯುತ್ತಿದ್ದಾನೆ ಎಂಬುದೇ ಕಡೆಯ ಸುದ್ದಿ. ಯುದ್ಧದಲ್ಲಿ ಸತ್ತ ಎಂದುಕೊಂಡು ಅಜ್ಜಿ ತಾಳಿ ತೆಗೆದಳು. ಕೌತಾಳಂ ಹೊಲದಲ್ಲಿ ಅವಳ ಸಮಾಧಿ, ಗದ್ದುಗೆ. ಪಕ್ಕದಲ್ಲಿ ಅವನಿಗೆಂದು ಬಿಟ್ಟ ಜಾಗ. ಇಂದಿಗೂ ಅಲ್ಲಿ ಹತ್ತಿ ಬಿತ್ತುವುದಿಲ್ಲ.

ಅವ್ವನದು ಒಂದೇ ಮಾತು: "ಅಲ್ಲಿಂದ ಒಂದು ಹಿಡಿ ಮಣ್ಣು ತಾ ಶೋಭಾ. ನಮ್ಮವ್ವನ ಬಾಜೂಕ ಹಾಕಿ ಕಣ್ಣು ಮುಚ್ಚತೀನಿ."

ಹೂಂ, ತಂದರಾಯಿತು.

ನವೆಂಬರ್ 12, ಬುಧವಾರ. ಸಂಜೆ, ಲಾಡ್ಜ್

ದೋಣಿಯಲ್ಲಿ ವಾಂತಿ. ಇಳಿದ ಮೇಲೆ ಎಲ್ಲ ಮರೆತೆ. ಕರಿ ಬಂಡೆ, ಸಂದಿಯಲ್ಲಿ ತಿಳಿನೀರು, ನೇರಳೆ ಏಡಿ, ತಲೆಯ ಮೇಲೆ ಕಡಲ ಹದ್ದು. ಹರ್ಷಿತಾಳಿಗೆ ಸೆಲ್ಫಿಯೇ ಸಮುದ್ರ. ಗುಡ್ಡದ ಮೇಲೆ ತುಕ್ಕು ಹಿಡಿದ ತೋಪು.

ಗೈಡ್ ಹೆಂಗಸು ನಕ್ಕಳು. "ಒಂದು ಗುಂಡೂ ಹಾರ್ಲಿಲ್ಲ ಮಾರಾಯ್ರೆ. ವೈರಿ ಹಡಗು ಬಂದ್ರೆ ಅಲ್ವಾ! ಯುದ್ಧದಲ್ಲಿ ಇಲ್ಲಿ ಯಾರೂ ಸಾಯ್ಲಿಲ್ಲ."

ಹಾಗಾದರೆ ಅಜ್ಜ?

ದೀಪಸ್ತಂಭದ ಹಿಂದೆ ಸಮಾಧಿಗಳು. ಎಲ್ಲ ಉದ್ದುದ್ದ. ಎರಡು ಮಾತ್ರ ಚೌಕ. ಟೂರಿಸ್ಟ್‌ಗಳು ನೀರಿನ ತೊಟ್ಟಿ ಎಂದುಕೊಳ್ಳುತ್ತಾರಂತೆ. ನನಗೆ ಯಾರೂ ಹೇಳಬೇಕಿರಲಿಲ್ಲ. ನಾವು ಸತ್ತವರನ್ನು ಕೂರಿಸಿ ಹೂಳುವವರು, ನಮ್ಮ ಗುಂಡಿಯೇ ಚೌಕ. ಒಂದರ ಕಲ್ಲಿನ ಮೇಲೆ — ಮರಿಬಸಪ್ಪ, ಆದವಾನಿ, 1968.

ಗೈಡ್ ಹೇಳಿದಳು: "ಇವರು ಯುದ್ಧ ಮುಗಿದ್ರೂ ಊರಿಗೆ ಹೋಗ್ಲಿಲ್ಲ. ದೀಪ ನೋಡ್ಕೊಂಡಿದ್ರಂತೆ. ಪಕ್ಕದ್ದು ಅವರ ಹೆಂಡತಿಯದ್ದು, ಮೀನುಗಾರರ ಹೆಣ್ಣು. ನನ್ನನ್ನೂ ಅವರ ಹಾಗೇ ಕೂರಿಸಿ ಅಂದಿದ್ಲಂತೆ."

1968! ಆಗ ಅಜ್ಜಿ ಬೋಳು ಕೊರಳಲ್ಲಿ ಹತ್ತಿ ಬಿಡಿಸುತ್ತಿದ್ದಳು. ಸಿಟ್ಟು ಬಂತು. ಅಳುವೂ ಬಂತು. ಯಾರಿಗಾಗಿ ಎಂದು ಗೊತ್ತಾಗಲಿಲ್ಲ.

ಮಣ್ಣು ಬಗೆದು ಸೆರಗಿಗೆ ಕಟ್ಟಿಕೊಂಡೆ. ದೋಣಿಯಲ್ಲಿ ಹೊಳೆಯಿತು — ಬಗೆದದ್ದು ಎರಡರ ನಡುವಿನದು. ಯಾರದು ಎಷ್ಟೋ...

ನವೆಂಬರ್ 13. ರೈಲು

ಅವ್ವನಿಗೆ ಹೇಳುವುದೋ ಬೇಡವೋ? ಹರ್ಷಿತಾ: "ಹೇಳಿಬಿಡು ಮಮ್ಮಿ. ಏನಾಗತೈತಿ?" ಏನಾಗುತ್ತದೋ ನನಗೂ ಗೊತ್ತಿಲ್ಲ.

ಯಜಮಾನರಿಗೆ ಫೋನ್ ಮಾಡಿದೆ. "ಬ್ಯಾರೆ ಮಣ್ಣು ಕೊಡು. ಅಯಿಪೋತುಂದಿ, ಮುಗದು ಹೋಗತೈತಿ." ತೂಕ ಹೆಚ್ಚಲೆಂದು ಹತ್ತಿಗೆ ನೀರು ಹೊಡೆದಷ್ಟು ಸಲೀಸು ಇವರಿಗೆ!

ಸವತಿಯನ್ನು ತಂದು ಅಜ್ಜಿಯ ಪಕ್ಕ ಕೂರಿಸುವುದೇ? ಕೂರಿಸದಿದ್ದರೆ ಅಜ್ಜನೂ ಇಲ್ಲ.

ನವೆಂಬರ್ 17, ಕಡೆಯ ಕಾರ್ತಿಕ ಸೋಮವಾರ. ಕೌತಾಳಂನಿಂದ ಬಂದು

ಬೇರೆ ಮಣ್ಣು ಕೊಡಲು ಕೈ ಬರಲಿಲ್ಲ. ಅದನ್ನೇ ಒಯ್ದೆ. ಅವ್ವ ಆಟೋದಿಂದ ಇಳಿದು ಗದ್ದುಗೆಗೆ ವಿಭೂತಿ ಹಚ್ಚಿದಳು. ಮೊಣಕಾಲಿನ ಸುದ್ದಿಯೇ ಇಲ್ಲ. ಮಣ್ಣು ಹಿಡಿದು ಮೂಸಿದಳು. ಸುರಿಯಲಿಲ್ಲ.

"ಶೋಭಾ, ಖರೇ ಹೇಳು. ಅಲ್ಲಿ ನಮ್ಮಪ್ಪ ಒಬ್ಬನ ಇದ್ದನೇನು... ಇಲ್ಲ, ಯಾರಾರ ಜೊತಿಗಿದ್ರಾ?"

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಇದ್ದರವ್ವ, ಅಂದೆ. ಎಲ್ಲ ಹೇಳಿದೆ.

ಅವ್ವ ಅಜ್ಜಿಯ ಗದ್ದುಗೆಯ ಪಕ್ಕದ ಖಾಲಿ ಜಾಗದ ಕಡೆ ತಿರುಗಿದಳು. "ಹಂಗಾರ ಈ ಜಾಗ ಸಾಲಂಗಿಲ್ಲಲ್ಲ."

ಸಿಟ್ಟೋ, ಮರುಕವೋ. ಮುಷ್ಟಿ ಬಿಚ್ಚಲಿಲ್ಲ. ಹಾಗೇ ಆಟೋ ಹತ್ತಿದಳು. ಊಟ ಬೇಡ ಎಂದಳು. ಈಗ ಒಳಗಿನಿಂದ ಕೂಗುತ್ತಿದ್ದಾಳೆ — ನಾಳೆ ಮುಂಜಾನೆ ಮತ್ತೆ ಆಟೋ ಹೇಳು, ಆಳಿಗೂ ಹೇಳು ಅಂತ. ಮಣ್ಣು ಹಾಕಲಿಕ್ಕೋ, ಇಲ್ಲಾ ಆ ಜಾಗವನ್ನೂ ಅಗೆಸಿ ಹತ್ತಿ ಬಿತ್ತಲಿಕ್ಕೋ.