ಬೆಂದ ಕೆಸರು, ಹಸಿ ಕೆಸರು

11-9-2025, ಗುರುವಾರ
ಕಾಲೇಜಿನಲ್ಲಿ ಎರಡು ಕ್ಲಾಸು, ಒಂದು ಲ್ಯಾಬು ಪಾಠ ಮಾಡಿದೆ. ಹೊಳಲ್ಕೆರೆಯಿಂದ ದುರ್ಗದವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಫೋನಿನಲ್ಲಿ ಸುದ್ದಿ — ಮಂಗಳನ ಬಂಡೆಯೊಂದರಲ್ಲಿ ಚಿರತೆ ಮೈಮೇಲಿನಂಥ ಚುಕ್ಕೆ. ಕಬ್ಬಿಣ, ರಂಜಕ, ಗಂಧಕ. ಒಂದು ಕಾಲಕ್ಕೆ ಸೂಕ್ಷ್ಮಜೀವಿಗಳು ಮಾಡಿದ್ದಿರಬಹುದು. ಜೀವವಿಲ್ಲದೆಯೂ ಆಗಿರಬಹುದು... ಮೈ ಜುಮ್ಮೆಂದಿತು.
ನವೆಂಬರ್ ಹತ್ತಕ್ಕೆ ಪಿಎಚ್‌ಡಿ ಇಂಟರ್‌ವ್ಯೂ. ಎರಡು ಸಲ ಬರಿಗೈಲಿ ಹೋಗಿ ಬಂದಾಗಿದೆ. ಇದು ಕೊನೆಯದು. ಏನಾದರೂ ಮಾಡಿ ತೋರಿಸಲೇಬೇಕು.

14-9, ಭಾನುವಾರ
ಚಂದ್ರವಳ್ಳಿ ಕೆರೆಯ ಕೆಸರು ತಂದೆ. ಅರ್ಧ ಹಾಗೇ ಒಂದು ಜಾಡಿಗೆ. ಇನ್ನರ್ಧ ಕುಕ್ಕರಿನಲ್ಲಿ ಬೇಯಿಸಿ, ಜೀವವೆಲ್ಲ ಸತ್ತ ಮೇಲೆ, ಇನ್ನೊಂದಕ್ಕೆ. ಹಸಿಯದು ಬಣ್ಣ ತಿರುಗಬೇಕು, ಬೆಂದದ್ದು ತಿರುಗಬಾರದು. ನಾಳೆ ಲ್ಯಾಬಿನ ಕಿಟಕಿಗೆ.
ಅಮ್ಮಿ ಕುಕ್ಕರ್ ಮೂಸಿದರು. “ಶಬನಾ, ಏನ್ ಬೇಯ್ಸಿದ್ಯೇ ಇದ್ರಾಗೆ?”
“ಪಿಎಚ್‌ಡಿ.”
ಹೊಸ ಕುಕ್ಕರ್ ತರಬೇಕಂತೆ.

30-9, ಮಂಗಳವಾರ
ನಾಳೆ ರಜೆ. ಆಯುಧಪೂಜೆ ಲ್ಯಾಬಿನಲ್ಲಿ ಇವತ್ತೇ. ಅಟೆಂಡರ್ ಮುನಿಯಪ್ಪನವರು ಬ್ಯೂರೆಟ್, ತಕ್ಕಡಿ ಎಲ್ಲ ತೊಳೆದು ವಿಭೂತಿ ಬಳಿದು ಕುಂಕುಮ ಇಟ್ಟಿದ್ದಾರೆ. ನನ್ನ ಜಾಡಿಗಳಿಗೂ! ಮಾರ್ಕರ್‌ನಲ್ಲಿ ಬರೆದಿದ್ದ ‘ಬೆಂದದ್ದು’, ‘ಹಸಿ’ ಎರಡೂ ಮಾಯ.
“ಏನ್ರೀ ಇದು?”
“ಯಾರೋ ಗೀಚಿದ್ರು ಮೇಡಂ. ಉಜ್ಜಿ ಉಜ್ಜಿ ತೆಗ್ದೀನಿ. ಈಗ ಹೆಂಗ್ ಹೊಳಿತಾವೆ ನೋಡ್ರಿ!”
ಬೈಯಲು ಬಾಯಿ ತೆರೆದೆ. ಮಂಡಕ್ಕಿ ತಟ್ಟೆ ಕೈಗಿಟ್ಟರು. ಎರಡರಲ್ಲೂ ಅದೇ ತುಕ್ಕು ಬಣ್ಣದ ಗೆರೆ. ಯಾವುದು ಯಾವುದೋ. ಬಸ್ಸಿನಲ್ಲಿ ಅತ್ತುಬಿಟ್ಟೆ.

6-10, ಸೋಮವಾರ
ಬೆಳಿಗ್ಗೆ ತಲೆ ಬಾಚುವಾಗ ಹೊಳೆಯಿತು — ಮಂಗಳನ ಬಂಡೆಯ ಮೇಲೂ ಯಾರೂ ಹೆಸರು ಬರೆದಿಟ್ಟಿಲ್ಲವಲ್ಲ! ಆ ವಿಜ್ಞಾನಿಗಳ ಪ್ರಶ್ನೆಯೇ ಈಗ ನನ್ನದು. ತುಕ್ಕು ಸಾಕ್ಷಿಯಲ್ಲ, ಸತ್ತ ಕೆಸರಿಗೂ ಬರುತ್ತದೆ. ಬೇರೆ ಗುರುತು ಬೇಕು. ಕಾಯುವುದು.

7-11, ಶುಕ್ರವಾರ
ಎರಡರಲ್ಲೂ ಹೊಸ ಗುರುತೇನೂ ಇಲ್ಲ. ಮುನಿಯಪ್ಪನವರಿಗೆ ತಾವು ಅಳಿಸಿದ್ದು ಏನೆಂದು ಗೊತ್ತಾಗಿದೆ. ನನಗಿಂತ ಮೊದಲು ಬಂದು ಇಣುಕುತ್ತಾರೆ. ಪಾಪ.

10-11, ಸೋಮವಾರ. ಇಂಟರ್‌ವ್ಯೂ ಕೋಣೆಯ ಹೊರಗೆ
ಬೆಳಿಗ್ಗೆ ಜಾಡಿ ಒಯ್ಯಲು ಲ್ಯಾಬಿಗೆ ಹೋದೆ. ಮುನಿಯಪ್ಪನವರು ಬಾಗಿಲಲ್ಲೇ — “ಬರ್ರಿ ಮೇಡಂ, ಎಡಗಡೇದು ನೋಡ್ರಿ!”
ಗಾಜಿಗಂಟಿ ಬೆರಳಗಲ ಹಸಿರು. ಪಕ್ಕದ್ದರಲ್ಲಿ ಬರೀ ತುಕ್ಕು.
“ಜೀವ ಐತಲ್ರೀ?”
“ಇರಬಹುದು” ಎಂದೆ.
“ಕುಂಕುಮ ಇಟ್ಟಿದ್ದು ಸುಮ್ನೆ ಹೋಗ್ಲಿಲ್ಲ ಬಿಡ್ರಿ.”
“ಎರಡಕ್ಕೂ ಇಟ್ಟಿದ್ರಲ್ರೀ!”
ಜಾಡಿಗಳು ಮಡಿಲಲ್ಲಿವೆ. ಮಾರ್ಕರ್ ಬ್ಯಾಗಿನಲ್ಲಿದೆ. ಹೆಸರು ಬರೆಯಲಿಲ್ಲ. ಮೊದಲು ಇಂಟರ್‌ವ್ಯೂ ಮಾಡುವವರನ್ನೇ ಕೇಳುತ್ತೇನೆ — ಯಾವುದರಲ್ಲಿ ಜೀವ ಇದೆ, ಹೇಗೆ ಹೇಳ್ತೀರಿ ಸರ್, ಅಂತ. ಆಮೇಲೆ ನಾನು ಈ ಹಸಿರು—
ಕರೆದರು, ನನ್ನ ಹೆಸ—