ಟ್ಯಾಂಕಿಗೆ ಬಿಟ್ಟ ಎರಡನೇ ಚೀಟಿ

ಶಿರಾ ಬಂಕು,
ಹದಿಮೂರನೇ ತಿಂಗಳು, ನಲವತ್ತೊಂದನೇ ತಾರೀಖು

ಆಟೋ ಗವಿರಂಗಪ್ಪನವರಿಗೆ ಓಬಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನೀವು ಹೋಗಿ ಎಷ್ಟೋ ತಲೆಮಾರು ಕಳೆದ ಮೇಲೆ ಬರೆಯುತ್ತಿದ್ದೇನೆ. ನನ್ನ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಒಂದು ಕಂಬದಿಂದ.

ನೀವು ಪೆಟ್ರೋಲ್ ಹಾಕಿಸುತ್ತಿದ್ದ ಬಂಕಿನ ಚಾವಣಿಯ ಕೆಳಗೇ ನಮ್ಮ ಊರಿದೆ. ಹೊರಗಿನ ಬಿಸಿಲಿಗೆ ಯಾರೂ ನಿಲ್ಲುವಂತಿಲ್ಲ. ನಿಮ್ಮ ಆಟೋವೂ ಇಲ್ಲೇ ಇದೆ, ಅದರ ಹಿಂಬದಿಯಲ್ಲಿ ನಿಮ್ಮ ಹೆಸರು ಇನ್ನೂ ಅಳಿಸಿಲ್ಲ. ಪಕ್ಕದ ಕಂಬಕ್ಕೆ ಕಿವಿಯಿಟ್ಟರೆ ನಿಮ್ಮ ಕಾಲದ ಒಂದು ಬೆಳಗಿನ ಮಾತು ಮತ್ತೆ ಮತ್ತೆ ಕೇಳಿಸುತ್ತದೆ. ಕಬ್ಬಿಣ ಹಿಡಿದಿಟ್ಟುಕೊಂಡ ಇಂಥ ಮಾತಿಗೆ ನಾವು ಉಳಿದನಿ ಅನ್ನುತ್ತೇವೆ. ಮಕ್ಕಳಿಗೆ ಮೊದಲು ಬಾಯಿಪಾಠ ಮಾಡಿಸುವುದು ಅದನ್ನೇ.

ಮೊದಲು ನಿಮ್ಮ ಗೆಳೆಯ ದಸ್ತಗೀರ್: “ಏನ್ ರಂಗಣ್ಣ, ಇವತ್ತೂ ರೇಟ್ ಏರ್ಸವ್ರಂತೆ?”

ಆಮೇಲೆ ನೀವು: “ಏರುಸ್ಲಿ ಬಿಡಪ್ಪ ದಸ್ತಗೀರ್. ನಾಳೆಯಿಂದ ಪೆಟ್ರೋಲ್ ಬದ್ಲು ರಕ್ತ ಹಾಕಿ ಓಡುಸ್ತೀನಿ. ಅದಾದ್ರೆ ಮನೇಲೇ ಸಿಗುತ್ತೆ.”

ಆಮೇಲೆ ಪೆಟ್ರೋಲ್ ಹಾಕುವವನು: “ಝೀರೋ ನೋಡ್ಕಳಿ ಅಣ್ಣ.” ಕೊನೆಗೆ ಮೂವರ ಗಂಟಲಿನಿಂದಲೂ ಹಾ ಹಾ ಹಾ ಎಂಬ ಸದ್ದು. ಇಲ್ಲಿ ದೊಡ್ಡವರು ಯಾರೂ ಹಾಗೆ ಸದ್ದು ಮಾಡುವುದಿಲ್ಲ. ಅದು ರಕ್ತ ಕೊಟ್ಟವರ ನರಳಾಟ ಎಂದು ನಮ್ಮ ಯಜಮಾನರು ಅರ್ಥ ಹೇಳಿದ್ದಾರೆ.

ಹಾಗಾಗಿ ವರ್ಷಕ್ಕೊಮ್ಮೆ ಸರದಿಯ ಮನೆಯಿಂದ ಒಬ್ಬರು ನಿಮ್ಮ ಆಟೋದ ಪಕ್ಕ ತೋಳು ಚಾಚಿ ಕೂರುತ್ತಾರೆ. ಯಜಮಾನರು “ಝೀರೋ ನೋಡಿ” ಎಂದಾಗ ನಾವೆಲ್ಲ ಪಂಪಿನ ಒಡೆದ ಗಾಜನ್ನು ನೋಡುತ್ತೇವೆ. ಅಲ್ಲಿ ಏನೂ ಇರುವುದಿಲ್ಲ. ಚೊಂಬಿನ ರಕ್ತ ಟ್ಯಾಂಕಿಗೆ ಹೋಗುತ್ತದೆ. ಗಾಡಿ ಓಡುವುದಿಲ್ಲ. ಮಾರನೆಯ ದಿನ ನೋಡಿದರೆ ಟ್ಯಾಂಕು ಒಣಗಿರುತ್ತದೆ, ವಾಸನೆ ಕೂಡ ಇರುವುದಿಲ್ಲ.

ಈ ಸಲದ ಸರದಿ ನನ್ನ ಮಗಳು ಹೂವಿಯದು. ಕಡ್ಡಿಯಂಥ ಹುಡುಗಿ, ಗಾಳಿ ಬೀಸಿದರೆ ಗೋಡೆ ಹಿಡಿದುಕೊಳ್ಳುತ್ತಾಳೆ. ನನಗೆ ಮೊದಲಿನಿಂದಲೂ ಆ ಸದ್ದಿನ ಮೇಲೆ ಅನುಮಾನ. ಅವಳು ಸಣ್ಣವಳಿದ್ದಾಗ ಕಂಕುಳಿಗೆ ಕಚಗುಳಿ ಇಟ್ಟರೆ ಅಂಥದ್ದೇ ಸದ್ದು ಮಾಡುತ್ತಿದ್ದಳು. ನರಳುವವರು ಹಾಗೆ ಕಣ್ಣರಳಿಸುತ್ತಾರೆಯೇ? ಹಿಂದಿನವರು ಅದಕ್ಕೆ ನಗು ಅನ್ನುತ್ತಿದ್ದರೆಂದು ನನ್ನಜ್ಜಿ ಪಿಸುಗುಟ್ಟಿದ್ದಳು. ಯಜಮಾನರಿಗೆ ಹೇಳಿದರೆ ಬೈದು ಕಳಿಸಿದರು. ತಲೆಯಲ್ಲಿ ಸಗಣಿ ತುಂಬಿಕೊಂಡವರ ಜೊತೆ ವಾದವೇಕೆ ಎಂದುಕೊಂಡೆ. ಟ್ಯಾಂಕಿನಲ್ಲಿ ಮಾಯವಾಗಿದ್ದು ನಿಮ್ಮನ್ನೇ ತಲುಪುತ್ತಿರಬೇಕೆಂದು ಊಹಿಸಿ ಒಂದು ಚೀಟಿ ಒಳಗೆ ಬಿಟ್ಟೆ. ನಮ್ಮ ಮನೆಯಿಂದ ರಕ್ತ ಕೇಳುತ್ತಿದ್ದಾರೆ, ಆ ಮಾತು ನಿಜವೋ ತಮಾಷೆಯೋ, ಆಟೋದ ಹಿಂದೆ ಬಣ್ಣದಲ್ಲಿ ಬರೆಸಿ, ನಮಗೆ ಕಾಣುತ್ತದೆ ಎಂದು ಬೇಡಿಕೊಂಡಿದ್ದೆ.

ಮಾರನೆಯ ದಿನ ನಿಮ್ಮ ಹೆಸರಿನ ಕೆಳಗೆ ಉತ್ತರ ಇತ್ತು. ಬಣ್ಣ ಹಳತಾಗಿ ಮಾಸಿತ್ತು, ನಾವು ಹುಟ್ಟುವ ಮೊದಲಿನಿಂದಲೂ ಅಲ್ಲೇ ಇದ್ದಂತೆ.

“ರಕ್ತ ಯಾವ ಮೂಲೆಗೆ ಕಣಮ್ಮ? ಈಗಿನ ರೇಟಿಗೆ ಕಿಡ್ನೀನೇ ಕೊಡ್ಬೇಕು!”

ಯಾರೋ ಕೀಟಲೆ ಮಾಡುತ್ತಿದ್ದಾರೆಂದು ನೀವು ಅಂದುಕೊಂಡಿರಬೇಕು. ನಿಮ್ಮ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ಆಮೇಲೆ ಕನಿಕರವೂ ಬಂತು. ದುಡಿದದ್ದೆಲ್ಲ ಟ್ಯಾಂಕಿಗೇ ಸುರಿಯುವವರು ನಗದೆ ಇನ್ನೇನು ಮಾಡುತ್ತಾರೆ?

ಆದರೆ ಯಜಮಾನರೂ ಅದನ್ನು ಓದಿದರು. ಕಿಡ್ನಿ ಅನ್ನುವ ಪದ ನಮ್ಮಲ್ಲಿಲ್ಲ. ಅದೊಂದು ಪಾತ್ರೆ ಎಂದರು ಕೆಲವರು, ಒಂದು ಧಾನ್ಯ ಎಂದರು ಕೆಲವರು. ಅರ್ಥ ತಿಳಿಯುವ ತನಕ ಹೂವಿಯ ಸರದಿ ಮುಂದೂಡಿದರು. ಅಷ್ಟೂ ದಿನ ನಾನು ನೆಮ್ಮದಿಯಾಗಿ ಉಂಡೆ, ಮಲಗಿದೆ.

ನಿನ್ನೆ ಪಾಳುಬಿದ್ದ ಆಸ್ಪತ್ರೆಯ ಗೋಡೆಯ ಮೇಲೆ ಅವರಿಗೊಂದು ಚಿತ್ರ ಸಿಕ್ಕಿತು. ಅದರಲ್ಲಿ ಒಬ್ಬ ಮನುಷ್ಯನ ಬೆನ್ನು ತೆರೆದಿದೆ, ಪಕ್ಕದಲ್ಲಿ ಆ ಪದ ಬರೆದಿದೆ.

ಗವಿರಂಗಪ್ಪನವರೇ, ನಿಮ್ಮ ದಮ್ಮಯ್ಯ, ಈ ಸಲ ಯಾರನ್ನೂ ನಗಿಸಬೇಡಿ. ಬೇಡ ಅನ್ನುವ ಒಂದೇ ಮಾತು ಬರೆಸಿ, ಅದರ ಹಿಂದೆ ಮುಂದೆ ಏನನ್ನೂ ಸೇರಿಸಬೇಡಿ. ಹೂವಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಾರೆ.

ಇಂತಿ,
ಹೂವಿಯ ತಾಯಿ ಓಬಮ್ಮ