ಎರಡು ಬೆರಳು ಅಂತರ

ಅಣ್ಣಾ,

"ಇನ್ನು ನಿನ್ನ ಮುಖ ನೋಡಲ್ಲ ಕಣೇ" ಎಂದು ಬೇರೆ ಗ್ಯಾರೇಜು ಹಾಕಿಕೊಂಡವನಿಗೆ ಪತ್ರ ಕಳಿಸುವಷ್ಟು ಗತಿಗೆಟ್ಟಿಲ್ಲ ನಾನು. ಬೈಯದಿದ್ದರೆ ನಿದ್ದೆ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೊನ್ನೆ ನೀನು ಶಾಫ್ಟ್ ಜೋಡಿಸಿಕೊಟ್ಟ ಕಾರು ಇವತ್ತು ನನ್ನ ಹತ್ತಿರ ಬಂತು. "ಸ್ವಲ್ಪ ಸ್ಪೀಡ್ ಹೋದ್ರೂ ಗಾಡಿ ಗಡಗಡ ನಡುಗುತ್ತೆ ಅಕ್ಕಾ" ಎಂದ ಗಿರಾಕಿ. ಕೆಳಗೆ ತೂರಿ ನೋಡಿದೆ. ಮತ್ತೆ ಅದೇ ಜಾಗಕ್ಕೆ ಕೂಡಿಸಲೆಂದು, ಬಿಚ್ಚುವ ಮೊದಲೇ ನೀನು ಶಾಫ್ಟಿನ ಎರಡೂ ತುಂಡಿನ ಮೇಲೆ ಎಳೆದ ಬಿಳಿ ಗೆರೆ ಹಾಗೇ ಇತ್ತು. ಜೋಡಿಸುವಾಗ ಮಾತ್ರ ಗೆರೆಗೆ ಗೆರೆ ಕೂಡಿರಲಿಲ್ಲ, ನಡುವೆ ಎರಡು ಬೆರಳು ಅಂತರ. ಮೈಯೆಲ್ಲ ಉರಿದುಹೋಯಿತು. ಕೆಲಸ ಕಲಿಸುವಾಗ ಇದೇ ತಪ್ಪಿಗೆ ನನ್ನ ತಲೆಗೆ ಮೊಟಕಿದವನು ನೀನೇ ತಾನೆ?

ಬಿಚ್ಚಿದೆ. ಜಾಯಿಂಟು ಬೆಣ್ಣೆಯ ಹಾಗೆ ತಿರುಗುತ್ತಿತ್ತು, ಲಾಕುಗಳು ಭದ್ರವಾಗಿ ಕೂತಿದ್ದವು. ಕೈಗೆ ತಿಳಿಯುವುದೆಲ್ಲ ಸರಿ. ಕಣ್ಣಿಗೆ ಕಾಣಬೇಕಾದದ್ದೊಂದೇ ತಪ್ಪು.

ಯಾವಾಗಿನಿಂದ ಕಾಣಿಸುತ್ತಿಲ್ಲ ಅಣ್ಣಾ? ಯಾರ ಹತ್ತಿರವೂ ಬಾಯಿಬಿಡದಷ್ಟು ಅದೆಂಥ ಜಂಭ ನಿನ್ನದು?

ಸರಿಯಾಗಿ ಜೋಡಿಸಿದೆ. ಗೆರೆಯಿದ್ದ ಕಡೆ ಎರಡೂ ತುಂಡಿಗೆ ಅರದಿಂದ ಸಣ್ಣ ಕಚ್ಚು ಹಾಕಿದೆ, ಉಗುರಿಗೆ ಸಿಗುವಷ್ಟು.

"ಇನ್ಮೇಲೆ ಇಲ್ಲಿಗೇ ತರ್ತೀನಿ ಅಕ್ಕಾ" ಎಂದ ಗಿರಾಕಿ.

"ಏನೂ ಬೇಡ, ಅಲ್ಲಿಗೇ ಹೋಗಿ" ಎಂದು ಗದರಿ ಕಳಿಸಿದೆ.